ಮೀನು ಬಾರದ ಮನೆ

ಬಸವೇಶ್ವರನಗರ, ಬೆಂಗಳೂರು
2 ಡಿಸೆಂಬರ್ 2024

ಸೌಮ್ಯಶ್ರೀಗೆ,

ನನ್ನ ಅಕ್ಷರ ಕಂಡು ಗಾಬರಿಯಾಗಬೇಡ. ಇಲ್ಲಿ ಯಾರೂ ಸತ್ತಿಲ್ಲ. ನೀನು ಫೋನ್ ನಂಬರು ಬದಲಾಯಿಸಿದ್ದೀಯ, ಅದು ನಿನ್ನಿಷ್ಟ. ಹರಪನಹಳ್ಳಿಯ ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಲೆಕ್ಚರರ್ ಆಗಿದ್ದೀಯ ಎಂದು ಮದುವೆಮನೆಯೊಂದರಲ್ಲಿ ನಿಮ್ಮ ಕಡೆಯವರೊಬ್ಬರು ಹೇಳಿದರು. ನಾನು ಕೇಳಿರಲಿಲ್ಲ, ಅವರೇ ಹೇಳಿದರು. ಹಾಗಾಗಿ ಕಾಲೇಜಿನ ವಿಳಾಸಕ್ಕೆ ಬರೆಯುತ್ತಿದ್ದೇನೆ.

ನೀನು ಈ ಮನೆಯ ಸೊಸೆಯಾಗಿದ್ದದ್ದು ಮೂರು ವರ್ಷ, ಬಿಟ್ಟು ಹೋಗಿ ಒಂಬತ್ತು ವರ್ಷ. ಹಳೆಯದನ್ನು ಕೆದಕಲು ಈ ಕಾಗದ ಬರೆದದ್ದಲ್ಲ. ಗಿರಿರಾಜನಿಗೆ ಮತ್ತೆ ಮದುವೆ ಮಾಡಿದ್ದೇವೆ. ಚೆನ್ನಾಗಿದ್ದಾನೆ.

ವಿಷಯ ಕವನಾಳದ್ದು. ನನ್ನ ಮಗಳು ಉಮಾಶ್ರೀಯ ಮಗಳು, ನಿನಗೆ ನೆನಪಿರಬೇಕು. ಈಗ ಸೆಕೆಂಡ್ ಪಿಯು. ಅಪ್ಪ ಅಮ್ಮ ರಾಜರಾಜೇಶ್ವರಿನಗರದ ಅಪಾರ್ಟ್‌ಮೆಂಟಿನಲ್ಲಿದ್ದಾರೆ. ಕಾಲೇಜು ರಾಜಾಜಿನಗರದಲ್ಲಿ, ಅದಕ್ಕೆ ಇವಳು ನನ್ನ ಹತ್ತಿರ. ಕೆಮಿಸ್ಟ್ರಿಯಲ್ಲಿ ಅಮೈನ್ ಎಂಬ ಪಾಠವೊಂದಿದೆಯಂತೆ. ಅದು ತಲೆಗೆ ಹತ್ತುತ್ತಿಲ್ಲ. ವಿಜಯನಗರದಲ್ಲಿ ಒಂದು ಟ್ಯೂಷನ್ನಿಗೆ ಸೇರಿಸಿದ್ದೆ, ಬಿಟ್ಟಳು. ಮಾರ್ಚಿನಲ್ಲಿ ಬೋರ್ಡ್ ಪರೀಕ್ಷೆ. ನೀನು ಆ ಪಾಠವನ್ನು ಕನ್ನಡದಲ್ಲಿ, ಯಾರಿಗಾದರೂ ಅರ್ಥವಾಗುವ ಹಾಗೆ ಬರೆದು ಕಳಿಸು. ನಾನು ಓದಿ ಹೇಳುತ್ತೇನೆ. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ ನನಗೆ ಒಳ್ಳೆಯ ಅಂಕ ಬಂದಿತ್ತು.

ಇದನ್ನು ಯಾರಿಗೂ ಹೇಳುವ ಅಗತ್ಯವಿಲ್ಲ.

ಶಿವನಂಜಮ್ಮ


ಹರಪನಹಳ್ಳಿ
11 ಡಿಸೆಂಬರ್ 2024

ಶಿವನಂಜಮ್ಮನವರಿಗೆ ನಮಸ್ಕಾರ.

ಸ್ಟಾಫ್ ರೂಮಿನಲ್ಲಿ ಕವರು ಒಡೆದೆ. ನಿಮ್ಮ ಅಕ್ಷರವೆಂದು ಗೊತ್ತಾದ ಮೇಲೆ ಮಡಿಚಿ ಬ್ಯಾಗಿಗೆ ಹಾಕಿದೆ. ಎರಡು ದಿನ ಅಲ್ಲೇ ಇತ್ತು. ಉತ್ತರ ಬರೆಯುತ್ತಿರುವುದು ಕವನಾ ಎಂಬ ಹೆಸರಿಗೆ. ಆ ಮನೆಯಲ್ಲಿ ನನ್ನ ಹಾಸಿಗೆಯಲ್ಲಿ ಮಲಗಿ ಕಥೆ ಕೇಳುತ್ತಿದ್ದವಳು ಅವಳೊಬ್ಬಳೇ.

ಪಾಠಕ್ಕೆ ಬರುತ್ತೇನೆ.

ಅಮೋನಿಯಾದಿಂದ ಶುರುಮಾಡಲು ಹೇಳಿ. ನೈಟ್ರೋಜನ್ನಿಗೆ ಮೂರು ಕೈ ಎಂದುಕೊಳ್ಳಲಿ. ಮೂರರಲ್ಲೂ ಹೈಡ್ರೋಜನ್ ಹಿಡಿದಿದ್ದರೆ ಅದು ಅಮೋನಿಯಾ. ಒಂದು ಹೈಡ್ರೋಜನ್ ಬಿಡಿಸಿ ಅಲ್ಲಿ ಕಾರ್ಬನ್ನಿನ ಗುಂಪೊಂದನ್ನು ಕೂರಿಸಿದರೆ ಪ್ರಾಥಮಿಕ ಅಮೈನ್. ಎರಡು ಬಿಡಿಸಿದರೆ ದ್ವಿತೀಯಕ, ಮೂರನ್ನೂ ಬಿಡಿಸಿದರೆ ತೃತೀಯಕ. ಹೆಸರುಗಳಿಗೆ ಹೆದರುವುದು ಬೇಡ. ಕೈಯಲ್ಲಿ ಯಾರಿದ್ದಾರೆ ಎಂದು ನೋಡಿದರೆ ಸಾಕು.

ಮೂರು ಕೈ ತುಂಬಿದ ಮೇಲೂ ನೈಟ್ರೋಜನ್ ಬಳಿ ಒಂದು ಜೊತೆ ಎಲೆಕ್ಟ್ರಾನ್ ಉಳಿಯುತ್ತದೆ. ಅದಕ್ಕೆ ಒಂಟಿ ಜೋಡಿ ಎನ್ನುತ್ತೇವೆ. ಇಡೀ ಪಾಠ ನಿಂತಿರುವುದು ಇದರ ಮೇಲೆ. ಆಮ್ಲ ಎದುರಾದರೆ ಅಮೈನ್ ಈ ಜೋಡಿಯನ್ನು ಚಾಚಿ ಆಮ್ಲದಿಂದ ಪ್ರೋಟಾನ್ ಹಿಡಿದುಕೊಳ್ಳುತ್ತದೆ. ಅದಕ್ಕೇ ಅಮೈನುಗಳು ಪ್ರತ್ಯಾಮ್ಲಗಳು. ಹಿಡಿದುಕೊಂಡ ಮೇಲೆ ಅದು ಲವಣ. ಲವಣ ನೀರಿನಲ್ಲಿ ಕರಗಿ ತೆಪ್ಪಗೆ ಇರುತ್ತದೆ, ಗಾಳಿಗೆ ಏಳುವುದಿಲ್ಲ. ಗಾಳಿಗೆ ಏಳದ್ದು ಮೂಗಿಗೆ ಬರುವುದಿಲ್ಲ. ಅದೇ ಲವಣಕ್ಕೆ ಕ್ಷಾರ ಹಾಕಿದರೆ, ಕ್ಷಾರ ಆ ಪ್ರೋಟಾನನ್ನು ಕಿತ್ತುಕೊಳ್ಳುತ್ತದೆ. ಅಮೈನ್ ಬಿಡುಗಡೆಯಾಗಿ ಮತ್ತೆ ಗಾಳಿಗೆ ಏಳುತ್ತದೆ.

ಪರೀಕ್ಷೆಯಲ್ಲಿ ಕೇಳುವುದು ಇದು: ಮೀಥೈಲ್ ಅಮೈನುಗಳಲ್ಲಿ, ನೀರಿನಲ್ಲಿ ಅತಿ ಪ್ರಬಲ ಪ್ರತ್ಯಾಮ್ಲ ಯಾವುದು? ಮಕ್ಕಳು ತೃತೀಯಕ ಎಂದು ಬರೆದು ಜಾರುತ್ತಾರೆ. ಉತ್ತರ ದ್ವಿತೀಯಕ. ಮೂರು ಗುಂಪು ಸುತ್ತುವರಿದು ಕೂತರೆ ನೀರು ಹತ್ತಿರ ಬಂದು ಆಸರೆ ಕೊಡಲು ಜಾಗವಿರುವುದಿಲ್ಲ.

ಪುಸ್ತಕದಲ್ಲಿ ಅಮೈನಿನ ವಾಸನೆಗೆ ಒಂದು ಉದಾಹರಣೆ ಕೊಟ್ಟಿದ್ದಾರೆ. ಅದನ್ನು ನಿಮ್ಮ ಮನೆಗೆ ನಾನು ಬರೆದು ಕಳಿಸುವುದಿಲ್ಲ. ಅವಳೇ ಓದಿಕೊಳ್ಳಲಿ.

ಸೌಮ್ಯಶ್ರೀ


ಬಸವೇಶ್ವರನಗರ
18 ಡಿಸೆಂಬರ್ 2024

ಸೌಮ್ಯಶ್ರೀಗೆ,

ಕಾಗದ ತಲುಪಿತು. ಬರವಣಿಗೆ ಸ್ಪಷ್ಟವಾಗಿದೆ. ಆ ಉದಾಹರಣೆಯನ್ನು ಅವಳ ಪುಸ್ತಕದಲ್ಲಿ ನಾನೇ ಹುಡುಕಿ ಓದಿದೆ. ಮೀನಿನ ವಾಸನೆ ಎಂದಿದೆ. ನನಗೇನೂ ಅದನ್ನು ಓದಿದರೆ ಮೈಲಿಗೆಯಾಗುವುದಿಲ್ಲ.

ಪಾಠದಲ್ಲಿಲ್ಲದ ಒಂದು ಪ್ರಶ್ನೆ ಕವನಾ ಕೇಳುತ್ತಿದ್ದಾಳೆ. ಅವಳ ಕ್ಲಾಸಿನಲ್ಲಿ ಒಬ್ಬ ಹುಡುಗಿ ಇದ್ದಾಳಂತೆ. ಒಳ್ಳೆಯ ಮನೆತನ, ನಮ್ಮಂತೆಯೇ ಶುದ್ಧ ಸಸ್ಯಾಹಾರಿಗಳು. ಮೊಟ್ಟೆಯನ್ನೂ ಮುಟ್ಟಿದವಳಲ್ಲ. ಅವಳ ಮೈಯಿಂದ ಆ ವಾಸನೆ ಬರುತ್ತದಂತೆ. ಈಗೊಂದು ವರ್ಷದಿಂದ. ಬೆಂಚಿನಲ್ಲಿ ಪಕ್ಕ ಕೂರುವವರು ಎದ್ದು ಹೋಗುತ್ತಾರೆ. ಯಾರೋ ಅವಳ ಬ್ಯಾಗಿನ ಮೇಲೆ ಮೀನಿನ ಚಿತ್ರ ಅಂಟಿಸಿದರು. ಆಮೇಲೆ ಹುಡುಗಿ ಕಾಲೇಜಿಗೇ ಹೋಗುತ್ತಿಲ್ಲ. ಹಾಜರಿ ಕಮ್ಮಿಯಾದರೆ ಹಾಲ್ ಟಿಕೆಟ್ ಕೊಡುವುದಿಲ್ಲ ಎಂದು ಪ್ರಿನ್ಸಿಪಾಲರು ಹೇಳಿ ಕಳಿಸಿದ್ದಾರೆ.

ದಿನಕ್ಕೆ ಮೂರು ಸಲ ಸ್ನಾನ ಮಾಡಿಸಿದರೂ ಹೋಗುವುದಿಲ್ಲ. ಬಿಸಿನೀರಿಗೆ ಒಂದು ಹಿಡಿ ಸೋಡಾ ಹಾಕಿ, ಬಟ್ಟೆ ಸೋಪಿನಿಂದಲೇ ಬೆನ್ನು ಉಜ್ಜಿದರೂ ಅರ್ಧ ಗಂಟೆಯಲ್ಲಿ ಮತ್ತೆ ಅದೇ. ಚರ್ಮ ಕೆಂಪಾಗಿ ಸುಲಿದು ಬಂದಿದೆ. ಊಟ ಬಿಟ್ಟು ಸಣಕಲಾಗಿದ್ದಾಳೆ. ಈಗ ಅವರೆಕಾಯಿ ಕಾಲ, ಹಿತಕಿದಬೇಳೆ ಸಾರು ಅಂದರೆ ಅವಳಿಗೆ ಪ್ರಾಣ, ಅದೊಂದನ್ನು ಮಾತ್ರ ಎರಡು ಹೊತ್ತೂ ಉಣ್ಣುತ್ತಾಳೆ ಎಂದು ದಿನವೂ ಅದೇ ಮಾಡುವುದಾಗಿದೆ.

ಮೀನು ಮುಟ್ಟದವರಿಂದ ಮೀನಿನ ವಾಸನೆ ಬರುವುದುಂಟೇ? ವಿಜ್ಞಾನ ಏನು ಹೇಳುತ್ತದೆ, ಅಷ್ಟನ್ನು ಬರೆ. ಬೇರೆ ಮಾತು ಬೇಡ.

ಶಿವನಂಜಮ್ಮ


ಹರಪನಹಳ್ಳಿ
23 ಡಿಸೆಂಬರ್ 2024

ಕ್ಲಾಸಿನ ಹುಡುಗಿಯ ಬೆನ್ನನ್ನು ನೀವು ಏಕೆ ಉಜ್ಜುತ್ತಿದ್ದೀರಿ?

ಮೊದಲು ಆ ಸೋಡಾ ನಿಲ್ಲಿಸಿ. ಇವತ್ತೇ. ಬಟ್ಟೆ ಸೋಪನ್ನು ಬಚ್ಚಲಿನಿಂದ ಆಚೆ ಹಾಕಿ. ಹಿತಕಿದಬೇಳೆ ನಿಲ್ಲಿಸಿ. ಬಟಾಣಿ, ಸೋಯಾ, ಕಡಲೆಕಾಯಿ, ಹುರುಳಿಕಾಯಿ ಬೀಜ, ಯಾವ ಕಾಳನ್ನೂ ಸದ್ಯಕ್ಕೆ ಕೊಡಬೇಡಿ. ಎಲೆಕೋಸು, ಹೂಕೋಸು ಬೇಡ. ಅನ್ನ, ರಾಗಿ, ಮಜ್ಜಿಗೆ, ಸೋರೆ, ಹೀರೆ, ಪಡವಲ ಕೊಡಿ. ಸ್ನಾನದ ಕೊನೆಯ ತಂಬಿಗೆ ನೀರಿಗೆ ಸ್ವಲ್ಪ ನಿಂಬೆರಸ ಹಿಂಡಿ. ಸುಲಿದ ಜಾಗ ವಾಸಿಯಾಗುವವರೆಗೆ ಅದೂ ಬೇಡ, ಉರಿಯುತ್ತದೆ. ಮೆಡಿಕಲ್ ಶಾಪಿನಲ್ಲಿ ಹುಳಿಗುಣದ ಸೋಪು ಸಿಗುತ್ತದೆ, ಕ್ಷಾರವಿಲ್ಲದ್ದು ಎಂದು ಕೇಳಿ ತನ್ನಿ. ದೊಡ್ಡ ಆಸ್ಪತ್ರೆಯೊಂದರಲ್ಲಿ ಮೂತ್ರ ಪರೀಕ್ಷೆ ಮಾಡಿಸಿ. ಕಾಯಿಲೆಯ ಹೆಸರನ್ನು ಬೇರೆ ಚೀಟಿಯಲ್ಲಿ ಬರೆದಿದ್ದೇನೆ. ಅರ್ಧ ಡಾಕ್ಟರುಗಳಿಗೆ ಅದು ಗೊತ್ತಿರುವುದಿಲ್ಲ. ಗೊತ್ತಿರುವವರು ಸಿಗುವವರೆಗೆ ಹುಡುಕಿ.

ಈಗ ವಿಜ್ಞಾನ. ನಾವು ತಿನ್ನುವ ಕೆಲವು ಪದಾರ್ಥಗಳಿಂದ ಕರುಳಿನಲ್ಲಿ ಟ್ರೈಮೀಥೈಲ್ ಅಮೈನ್ ತಯಾರಾಗುತ್ತದೆ. ಎಲ್ಲರಲ್ಲೂ, ನಿಮ್ಮಲ್ಲೂ. ತೃತೀಯಕ ಅಮೈನ್, ಮೂರು ಕೈಯಲ್ಲೂ ಕಾರ್ಬನ್ ಗುಂಪು. ಮೀನಿನ ವಾಸನೆ ಎಂದರೆ ಅದೇ. ಅದಕ್ಕೆ ಮೀನು ಬೇಕಾಗಿಲ್ಲ, ಅವರೆಬೇಳೆ ಸಾಕು. ಆರೋಗ್ಯವಂತರ ಲಿವರು ಅದರ ಒಂಟಿ ಜೋಡಿಗೆ ಒಂದು ಆಕ್ಸಿಜನ್ ಸೇರಿಸಿ ವಾಸನೆಯಿಲ್ಲದ್ದನ್ನಾಗಿ ಮಾಡಿ ಹೊರಗೆ ಹಾಕುತ್ತದೆ. ಕೆಲವರ ಲಿವರಿಗೆ ಆ ಕೆಲಸ ಬರುವುದಿಲ್ಲ. ಆಗ ಅದು ಬೆವರಿನಲ್ಲಿ, ಉಸಿರಿನಲ್ಲಿ ಬರುತ್ತದೆ. ತಿಂಗಳ ದಿನಗಳಲ್ಲಿ ಹೆಚ್ಚು.

ಮೈ ಮೇಲಿನ ಬೆವರಿಗೆ ಸ್ವಾಭಾವಿಕವಾಗಿ ಸ್ವಲ್ಪ ಹುಳಿ ಇರುತ್ತದೆ. ಆ ಹುಳಿ ಅಮೈನನ್ನು ಹಿಡಿದಿಟ್ಟುಕೊಂಡಿರುತ್ತದೆ. ನೀವು ಸೋಡಾ ಹಾಕಿ ಉಜ್ಜಿದಾಗಲೆಲ್ಲ ಅದನ್ನು ಬಿಚ್ಚಿ ಗಾಳಿಗೆ ಬಿಡುತ್ತಿದ್ದೀರಿ. ನನಗೂ ಹೀಗೇ ಮಾಡುತ್ತಿದ್ದಿರಿ. ಒಂದು ಕೈಯಲ್ಲಿ ಹಿತಕಿದಬೇಳೆ ಬಡಿಸಿ, ಇನ್ನೊಂದು ಕೈಯಲ್ಲಿ ಸೋಡಾ ಕೊಟ್ಟು, ಮೂಗು ಮುಚ್ಚಿಕೊಂಡು ಹೊರಗೆ ನಿಲ್ಲುತ್ತಿದ್ದಿರಿ.

ಹೌದು, ನನಗೆ ಇರುವುದೂ ಇದೇ. ಆ ಮನೆ ಬಿಟ್ಟ ಎರಡನೇ ವರ್ಷ ಗೊತ್ತಾಯಿತು. ರೂಮಿನಲ್ಲಿ ಜೊತೆಗಿದ್ದ ಕುಮಟಾದ ಇಂಗ್ಲಿಷ್ ಲೆಕ್ಚರರ್ ಬಂಗುಡೆ ಮೀನು ಹೆಚ್ಚಿ, ಕೈಗೆ ನಿಂಬೆಸಿಪ್ಪೆ ತಿಕ್ಕಿಕೊಳ್ಳುತ್ತಿದ್ದಳು. ಏಕೆಂದು ಕೇಳಿದೆ. "ವಾಸನೆ ಹೋಗ್ಲಿಕ್ಕೆ ಮಾರಾಯ್ತಿ! ಇದೂ ಗೊತ್ತಿಲ್ವಾ? ಎಂಥ ಕೆಮಿಸ್ಟ್ರಿ ಟೀಚರ್ ನೀನು!" ಎಂದು ನಕ್ಕಳು. ಅಮೈನ್ ಪಾಠವನ್ನು ಬೋರ್ಡಿನ ಮೇಲೆ ಎಷ್ಟೋ ಸಲ ಬರೆದಿದ್ದೆ. ನನ್ನ ಮೈಯನ್ನೇ ಬರೆಯುತ್ತಿದ್ದೇನೆಂದು ಹೊಳೆದಿರಲಿಲ್ಲ.

ಮೀನು ಬೇಯಿಸುವ ಮನೆಗಳಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು, ಈ ವಾಸನೆಗೆ ಹುಳಿ ಹಾಕಬೇಕು, ಸೋಡಾ ಅಲ್ಲ. ನಿಮ್ಮ ಮನೆಗೆ ಮೀನು ಬಂದೇ ಇರಲಿಲ್ಲ. ಅದಕ್ಕೇ ಯಾರಿಗೂ ಗೊತ್ತಿರಲಿಲ್ಲ.

ಕವನಾಳಿಗೆ ಹೇಳಿ: ಅವಳು ಕೊಳಕಲ್ಲ.

ಸೌಮ್ಯಶ್ರೀ


ಬಸವೇಶ್ವರನಗರ
27 ಜನವರಿ 2025

ಸೌಮ್ಯಶ್ರೀಗೆ,

ತಡವಾಯಿತು. ಆಸ್ಪತ್ರೆಯ ಓಡಾಟವಿತ್ತು.

ಪರೀಕ್ಷೆಯಲ್ಲಿ ನೀನು ಚೀಟಿಯಲ್ಲಿ ಬರೆದದ್ದೇ ಬಂತು. ನೀನು ಹೇಳಿದ್ದನ್ನೆಲ್ಲ ಮಾಡಿದೆ. ವಾಸನೆ ಪೂರ್ತಿ ಹೋಗಿಲ್ಲ, ಪಕ್ಕದಲ್ಲಿ ಕೂರಬಹುದು ಎನ್ನುವಷ್ಟಾಗಿದೆ. ಸಂಕ್ರಾಂತಿ ಕಳೆದ ಮೇಲೆ ಕಾಲೇಜಿಗೆ ಹೋಗುತ್ತಿದ್ದಾಳೆ. ಡಾಕ್ಟರ ಸರ್ಟಿಫಿಕೇಟು ಕೊಟ್ಟು ಹಾಜರಿ ಸರಿಮಾಡಿಸಿದೆ. ಕಾಯಿಲೆಯ ಹೆಸರು ಬರೆಸಲಿಲ್ಲ, ಚರ್ಮದ ತೊಂದರೆ ಎಂದು ಬರೆಸಿದೆ.

ಹಿಂದಿನ ಕಾಗದದಲ್ಲಿ ನೀನು ನನಗೆ ನಮಸ್ಕಾರವನ್ನೂ ಬರೆಯಲಿಲ್ಲ. ಗಮನಿಸಿದ್ದೇನೆ.

ಇದು ರಕ್ತದಲ್ಲಿ ಬರುವಂಥದ್ದು ಎಂದು ಡಾಕ್ಟರು ಹೇಳಿದರು. ಮೊದಲು ನನಗೆ ಬೇರೆ ಅನುಮಾನವಿತ್ತು. ಮಗುವಾಗಿದ್ದಾಗ ನಿನ್ನ ಹಾಸಿಗೆಯಲ್ಲಿ ಮಲಗುತ್ತಿದ್ದಳಲ್ಲ, ಅಂಟಿತೇನೋ ಎಂದು. ಅಂಟುವುದಿಲ್ಲವಂತೆ. ಹಾಗಾದರೆ ಅಳಿಯನ ಕಡೆಯದು. ಅವರದು ಕುಣಿಗಲ್ ಹತ್ತಿರದ ಹಳ್ಳಿ, ಅವರ ಅಜ್ಜಿಯೊಬ್ಬಳನ್ನು ಹಟ್ಟಿಯಿಂದ ಆಚೆ ಮಲಗಿಸುತ್ತಿದ್ದರೆಂದು ಕೇಳಿದ್ದೆ. ಸಂಬಂಧ ಮಾಡುವಾಗ ಜಮೀನು ನೋಡಿದೆವು, ಇದನ್ನು ವಿಚಾರಿಸಲಿಲ್ಲ. ನಮ್ಮ ವಂಶದಲ್ಲಿ ಇಂಥದ್ದು ಇಲ್ಲ.

ಇನ್ನೊಂದು. ನಿನ್ನ ಪಾಠವನ್ನು ನನ್ನ ಕೈಯಲ್ಲಿ ನಕಲು ಮಾಡಿ ಅವಳಿಗೆ ಕೊಟ್ಟಿದ್ದೆ, ಯಾರು ಬರೆದದ್ದೆಂದು ಹೇಳಿರಲಿಲ್ಲ. ಓದಿದವಳೇ, "ಅಜ್ಜಿ, ಇದು ಸೌಮ್ಯತ್ತೆ ಅಲ್ವಾ? ಮೂರು ಕೈ ಅಂತ ಅವರೇ ಹೇಳೋದು" ಎಂದಳು. ಎಂಟು ವರ್ಷದ ಮಗುವಿಗೆ ನೀನು ನೈಟ್ರೋಜನ್ ಕಥೆ ಹೇಳುತ್ತಿದ್ದೆ ಎಂದು ನನಗೇನು ಗೊತ್ತು. ಆಮೇಲೆ ಕೇಳಿದಳು: "ಹಂಗಾದ್ರೆ ಅತ್ತೆ ಮೀನು ತಿಂದಿರ್ಲಿಲ್ಲ?" ಪರೀಕ್ಷೆಗೆ ಓದಿಕೋ ಎಂದೆ.

ನನ್ನ ಕಾಗದಗಳನ್ನು ಹರಿದು ಹಾಕು.

ಶಿವನಂಜಮ್ಮ


ಹರಪನಹಳ್ಳಿ
5 ಫೆಬ್ರವರಿ 2025

ಶಿವನಂಜಮ್ಮನವರಿಗೆ ನಮಸ್ಕಾರ.

ಕವನಾ ಕಾಲೇಜಿಗೆ ಹೋಗುತ್ತಿರುವುದು ಸಂತೋಷ. ಅವಳ ಪ್ರಶ್ನೆಗೆ ನೀವು ಉತ್ತರ ಕೊಡಲಿಲ್ಲ. ಅದನ್ನು ನಾನೂ ಗಮನಿಸಿದ್ದೇನೆ.

ಡಾಕ್ಟರು ಹೇಳಿದ್ದನ್ನು ನೀವು ಅರ್ಧ ಕೇಳಿದ್ದೀರಿ. ಈ ಕಾಯಿಲೆ ಬರಬೇಕಾದರೆ ಅಪ್ಪನಿಂದ ಒಂದು ಪಾಲು, ಅಮ್ಮನಿಂದ ಒಂದು ಪಾಲು ಬರಬೇಕು. ಒಂದೇ ಪಾಲು ಇದ್ದವರಿಗೆ ಸಾಮಾನ್ಯವಾಗಿ ಏನೂ ಗೊತ್ತಾಗುವುದಿಲ್ಲ. ಜೀವಮಾನವಿಡೀ ಸುಗಂಧದ ಸೋಪು ಹಚ್ಚಿಕೊಂಡು ಗೌರವವಾಗಿ ಬಾಳುತ್ತಾರೆ. ಒಂದು ಪಾಲು ಕುಣಿಗಲ್ಲಿನಿಂದ ಬಂದಿದೆ, ಸರಿ. ಇನ್ನೊಂದು ಉಮಾಶ್ರೀಯಿಂದ ಬಂದಿದೆ. ಉಮಾಶ್ರೀಗೆ ಎಲ್ಲಿಂದ ಬಂತು? ನಿಮ್ಮಿಂದ, ಇಲ್ಲವೇ ನಿಮ್ಮ ಯಜಮಾನರಿಂದ. ನಿಮ್ಮ ಮನೆಯ ಬಾಗಿಲಿನಿಂದಲೇ.

ಇದನ್ನು ಚುಚ್ಚಲು ಬರೆಯುತ್ತಿಲ್ಲ ಎಂದರೆ ಸುಳ್ಳಾಗುತ್ತದೆ.

ನನ್ನನ್ನು ಆ ಮನೆಯಿಂದ ಕಳಿಸಿದ ದಿನ ನಿಮ್ಮ ಹಾಲಿನಲ್ಲಿ ಸೇರಿದ್ದವರು ನೆನಪಿದ್ದಾರೆಯೇ? ನಿಮ್ಮ ತಮ್ಮ ನಂಜುಂಡಪ್ಪನವರು ನನ್ನ ಟವೆಲನ್ನು ಕೋಲಿನಲ್ಲಿ ಎತ್ತಿ ಎಲ್ಲರಿಗೂ ತೋರಿಸಿದರು. ನಾನು ಟ್ಯೂಷನ್ ಮುಗಿಸಿ ಕಾಮಾಕ್ಷಿಪಾಳ್ಯದಲ್ಲಿ ಬಸ್ಸು ಹತ್ತುತ್ತಿದ್ದೆ, ಆ ಸ್ಟಾಪಿನ ಹಿಂದೆ ಮೀನಿನಂಗಡಿ ಇದೆ, ಅದೇ ಸಾಕ್ಷಿ ಎಂದರು. ಗಿರಿರಾಜ್ ನೆಲ ನೋಡುತ್ತಿದ್ದರು. ನಮ್ಮಪ್ಪ ಕೊರಳಿನ ಕರಡಿಗೆ ಬಿಚ್ಚಿ, ಇಷ್ಟಲಿಂಗವನ್ನು ಅಂಗೈಲಿ ಹಿಡಿದು, "ಇದರಾಣೆ, ನನ್ನ ಮಗಳು ತಿಂದಿಲ್ರೀ ಅವ್ವಾರ" ಎಂದರು. ನೀವು ಹೇಳಿದ್ದು: "ಲಿಂಗ ಒಳಗಿಟ್ಕೊಳ್ಳಿ ಕೊಟ್ರಪ್ಪನವರೇ. ನನ್ನ ಮೂಗು ಸುಳ್ಳು ಹೇಳಲ್ಲ."

ನಿಮ್ಮ ಮೂಗು ಸುಳ್ಳು ಹೇಳಿರಲಿಲ್ಲ. ನೀವು ಅದಕ್ಕೆ ಹಚ್ಚಿದ ಅರ್ಥ ಸುಳ್ಳು.

ಅಪ್ಪನಿಗೆ ಈಗ ಎಪ್ಪತ್ತೈದು ದಾಟಿದೆ, ಇಲ್ಲಿ ನನ್ನ ಜೊತೆಯಲ್ಲೇ ಇದ್ದಾರೆ. ಅಂದಿನಿಂದ ಯಾರ ಮನೆಯ ಪಂಕ್ತಿಯಲ್ಲೂ ಕೂತಿಲ್ಲ. ಲಿಂಗದ ಆಣೆಯೂ ನಡೆಯದ ಮೇಲೆ ನಮ್ಮದೇನು ಮಾತು ಎನ್ನುತ್ತಾರೆ. ಕಾಯಿಲೆಯ ವಿಷಯ ನಾನು ತಿಳಿಸಿ ಹೇಳಿದ್ದೇನೆ. "ನನಗೆ ಗೊತ್ತಿತ್ತಲ್ಲವಾ. ಗೊತ್ತಾಗಬೇಕಾದ್ದು ಅವರಿಗೆ" ಎಂದರು.

ನನಗೆ ನಿಮ್ಮಿಂದ ಏನೂ ಬೇಡ. ಅವರ ಹೆಸರಿಗೆ ಒಂದು ಕಾರ್ಡು ಬರೆಯಿರಿ. ಕ್ಷಮೆ ಕೇಳಬೇಕಾಗಿಲ್ಲ. "ನಿಮ್ಮ ಮಗಳು ಮೀನು ತಿಂದಿರಲಿಲ್ಲ." ಅಷ್ಟೇ. ಕೆಳಗೆ ನಿಮ್ಮ ಹೆಸರು.

ಬರೆಯದಿದ್ದರೂ ಕವನಾಳಿಗೆ ಬೇಕಾದ್ದನ್ನು ನಾನು ಹೇಳುತ್ತಲೇ ಇರುತ್ತೇನೆ. ಇದು ವ್ಯಾಪಾರವಲ್ಲ.

ಸೌಮ್ಯಶ್ರೀ


ಬಸವೇಶ್ವರನಗರ
3 ಮಾರ್ಚ್ 2025

ಸೌಮ್ಯಶ್ರೀಗೆ,

ಪರೀಕ್ಷೆ ಶುರುವಾಗಿದೆ. ಹಾಲ್ ಟಿಕೆಟ್ ಕೊಟ್ಟರು. ಕವನಾ ನಿಂಬೆಹಣ್ಣಿನ ನೀರಿನಲ್ಲಿ ಮೈ ಒರೆಸಿಕೊಂಡು ಹೋಗಿ ಬರುತ್ತಿದ್ದಾಳೆ.

ಕಾರ್ಡು ತಂದಿಟ್ಟು ಎರಡು ವಾರವಾಯಿತು. ನಾನು ಬರೆಯುವುದಿಲ್ಲ. ಏಕೆಂದು ಹೇಳುತ್ತೇನೆ, ಕೇಳು. ನೀನು ಬುದ್ಧಿವಂತೆ, ನಿನಗೆ ಅರ್ಥವಾಗುತ್ತದೆ.

ಆ ಒಂದು ಸಾಲು ನಿಮ್ಮಪ್ಪನ ಜೇಬಿನಲ್ಲಿ ಉಳಿಯುವುದಿಲ್ಲ. ನಾಲ್ಕು ಜನಕ್ಕೆ ತೋರಿಸುತ್ತಾರೆ. ನಾನಾಗಿದ್ದರೂ ತೋರಿಸುತ್ತಿದ್ದೆ. ನಿಮ್ಮ ಕಡೆಯವರು ಮದುವೆಮನೆಗಳಲ್ಲಿ ನಮ್ಮ ಕಡೆಯವರಿಗೆ ಸಿಗುತ್ತಾರೆ. ಮೀನಲ್ಲದಿದ್ದರೆ ಆ ವಾಸನೆ ಏನು ಎಂದು ಕೇಳುತ್ತಾರೆ. ಕಾಯಿಲೆ. ಎಂಥ ಕಾಯಿಲೆ? ರಕ್ತದಲ್ಲಿ ಬರುವಂಥದ್ದು. ಒಂಬತ್ತು ವರ್ಷ ಸುಮ್ಮನಿದ್ದ ಶಿವನಂಜಮ್ಮನಿಗೆ ಈಗ ಹೇಗೆ ಗೊತ್ತಾಯಿತು? ಅಲ್ಲಿಗೆ ಕವನಾಳ ಹೆಸರು ಬಂತು. ನಾಳೆ ಅವಳನ್ನು ನೋಡಲು ಬರುವವರು ಮುಖ ನೋಡುವ ಮೊದಲು ಮೂಗು ಚಾಚುತ್ತಾರೆ.

ಒಂದು ಹೆಣ್ಣಿನ ಹೆಸರು ಆಗಲೇ ಕೆಟ್ಟಿದೆ. ನಿನಗೆ ನೌಕರಿ ಇದೆ, ನಮ್ಮ ಕಡೆಯವರು ಯಾರೂ ಇಲ್ಲದ ಊರಿನಲ್ಲಿ ನೆಮ್ಮದಿ ಇದೆ. ಇನ್ನೊಂದು ಹೆಣ್ಣಿನ ಹೆಸರನ್ನು ನಾನೇ ನನ್ನ ಕೈಯಾರೆ ಏಕೆ ಕೆಡಿಸಲಿ? ಕವನಾ ಚೆನ್ನಾಗಿರಬೇಕಾದರೆ ನೀನು ಮೀನು ತಿಂದವಳಾಗಿಯೇ ಇರಬೇಕು. ಅವಳ ಮೇಲೆ ನಿನಗೆ ಪ್ರೀತಿ ಇರುವುದು ನಿಜವಾದರೆ ನೀನೇ ಇದನ್ನು ಒಪ್ಪುತ್ತೀಯ.

ವಂಶದ ಮಾತು ಬರೆದಿದ್ದೀಯ. ನಮ್ಮ ಯಜಮಾನರು ಈಗಿಲ್ಲ. ಇಲ್ಲದವರ ಮೇಲೆ ಮಾತು ಬೇಡ.

ಶಿವನಂಜಮ್ಮ


ಬಸವೇಶ್ವರನಗರ
2 ಏಪ್ರಿಲ್ 2025

ಸೌಮ್ಯಶ್ರೀಗೆ,

ನನ್ನ ಕಾಗದಕ್ಕೆ ನೀನು ಉತ್ತರ ಬರೆಯಲಿಲ್ಲ. ಪರೀಕ್ಷೆ ಮುಗಿಯಿತು. ಅಮೈನಿನ ಮೇಲೆ ಐದು ಅಂಕದ ಪ್ರಶ್ನೆ ಬಂದಿತ್ತಂತೆ, ಪೂರ್ತಿ ಬರೆದಿದ್ದಾಳೆ. ದ್ವಿತೀಯಕ ಎಂದೇ ಬರೆದಳಂತೆ.

ಇನ್ನು ಬರೆಯಲೇಬೇಕೆಂದೇನೂ ಇಲ್ಲ.

ಶಿವನಂಜಮ್ಮ


ಬಸವೇಶ್ವರನಗರ
16 ಏಪ್ರಿಲ್ 2025

ಸೌಮ್ಯಶ್ರೀಗೆ,

ಈ ಕಾಗದ ತಲುಪುವ ಮೊದಲೇ ಕವನಾ ನಿನ್ನ ಮನೆ ತಲುಪಿರುತ್ತಾಳೆ. ನಿನ್ನೆ ಬೆಳಿಗ್ಗೆ ಬಸ್ಸು ಹತ್ತಿದಳು. ಅವಳು ನಿನಗೆ ಏನು ಹೇಳುತ್ತಾಳೋ ಗೊತ್ತಿಲ್ಲ. ನಡೆದದ್ದನ್ನು ನಾನು ಬರೆಯುತ್ತೇನೆ.

ಭಾನುವಾರ ನಂಜುಂಡಪ್ಪನ ಮೊಮ್ಮಗನ ನಾಮಕರಣ, ವಿಜಯನಗರದ ಛತ್ರವೊಂದರಲ್ಲಿ. ಹಿಂದಿನ ದಿನವೇ ಅವನ ಮನೆಯಲ್ಲಿ ಊಟವಿತ್ತು. ಬಟಾಣಿ ಪಲಾವು, ಕಡಲೆಕಾಳಿನ ಉಸಲಿ. ಎಲೆಯಲ್ಲಿ ಬಿಟ್ಟರೆ ಏಕೆಂದು ಕೇಳುತ್ತಾರೆ, ಸ್ವಲ್ಪ ತಿನ್ನು ಎಂದು ನಾನೇ ಹೇಳಿದೆ. ಅವಳಿಗೆ ತಿಂಗಳ ದಿನಗಳು ಬೇರೆ. ಮಾರನೆಯ ದಿನ ಛತ್ರದಲ್ಲಿ ಸೆಖೆ, ರೇಷ್ಮೆ ಲಂಗ. ಊಟಕ್ಕೆ ಕೂತ ಹೊತ್ತಿಗೆ ನನಗೆ ಗೊತ್ತಾಯಿತು. ಎದ್ದು ಹೋಗೋಣ ಬಾ ಎಂದು ಕಣ್ಸನ್ನೆ ಮಾಡಿದೆ. ಅವಳು ನೋಡಲಿಲ್ಲ.

ನಂಜುಂಡಪ್ಪ ಪಂಕ್ತಿ ನೋಡಿಕೊಳ್ಳುತ್ತಾ ಬಂದವನು ನಿಂತ. "ಅಕ್ಕಾ, ಇದೇನು ವಾಸ್ನೆ? ನಿನ್ ಹಳೇ ಸೊಸೆ ಬಂದ್ಲಾ, ಆ ಕೊಟ್ಟೂರ್ ಕಡೆ ಮೀನ್ ಬುಟ್ಟಿ?" ಸಾಲಿನವರೆಲ್ಲ ನಕ್ಕರು. ಅವನು ಅಡುಗೆಯವರನ್ನು ಕೂಗಿದ.

ಕವನಾ ಎದ್ದು ನಿಂತಳು. "ತಾತ, ಅಡುಗೆಯವ್ರನ್ನ ಬೈಬೇಡಿ. ವಾಸ್ನೆ ನಂದು."

"ಕೂತ್ಕೊಳೇ, ಎಲೆ ಮುಂದೆ ಎಂಥ ತಮಾಷೆ!"

"ತಮಾಷೆ ಅಲ್ಲ. ನಂಗೊಂದು ಕಾಯಿಲೆ ಇದೆ. ಸೌಮ್ಯತ್ತೆಗೂ ಅದೇ ಇತ್ತು. ಅವ್ರು ಯಾವತ್ತೂ ಮೀನು ತಿಂದಿರ್ಲಿಲ್ಲ. ಅಜ್ಜಿಗೆ ಗೊತ್ತು, ಕೇಳಿ."

ಇಡೀ ಪಂಕ್ತಿ ನನ್ನ ಕಡೆ ತಿರುಗಿತು. ಉಮಾಶ್ರೀ ಬಾಯಿಗೆ ಸೆರಗು ಹಿಡಿದಳು. ನಂಜುಂಡಪ್ಪ, "ಹೌದೇನಕ್ಕಾ?" ಎಂದ.

ನಾನು ಹೇಳಿದೆ: "ಪರೀಕ್ಷೆ ಅಂತ ನಿದ್ದೆಗೆಟ್ಟು ಓದಿ ಹುಡುಗೀಗೆ ತಲೆ ಸರಿಯಿಲ್ಲ. ಏನೇನೋ ಮಾತಾಡ್ತಾಳೆ. ಬಡಿಸ್ರಪ್ಪಾ, ಎಲೆ ಒಣಗ್ತಾ ಇದೆ."

ಮತ್ತೇನು ಹೇಳಬೇಕಿತ್ತು? ಹೌದು ಎಂದಿದ್ದರೆ ಅವಳ ಜೀವನ ಅಲ್ಲೇ ಮುಗಿಯುತ್ತಿತ್ತು. ತಲೆ ಸರಿಯಿಲ್ಲ ಎಂದರೆ ನಾಲ್ಕು ದಿನಕ್ಕೆ ಮರೆಯುತ್ತಾರೆ. ಅವಳನ್ನು ಉಳಿಸಲು ಆಡಿದ ಮಾತು ಅದು. ನಂಜುಂಡಪ್ಪ ನಂಬಿದ. ಎಲ್ಲರೂ ನಂಬಿದರು. ಎಡಕ್ಕೆ ಕೂತಿದ್ದವಳು ಮಾತ್ರ ತನ್ನ ಎಲೆಯನ್ನು ಆಚೆಗೆ ಸರಿಸಿಕೊಂಡಳು.

ಕವನಾ ಅಳಲಿಲ್ಲ. ಬಗ್ಗಿ ಎಲೆ ಮಡಿಚಿ ಹೊರಟು ಹೋದಳು. ಮನೆಗೆ ಬಂದ ಮೇಲೆ ಬಾಗಿಲು ಹಾಕಿಕೊಂಡವಳು ಸೋಮವಾರವಿಡೀ ತೆರೆಯಲಿಲ್ಲ. ನಿನ್ನೆ ಬ್ಯಾಗು ಹಿಡಿದು ಬಂದಳು.

"ಎಲ್ಲಿಗೆ?" ಎಂದೆ.

"ಹರಪನಹಳ್ಳಿಗೆ."

"ಯಾರ ಮನೆಗೆ?"

"ನನ್ನ ತಲೆ ಸರಿ ಇದೆ ಅನ್ನೋರ ಮನೆಗೆ."

ಹೊಡೆಯಲು ಕೈ ಎತ್ತಿದೆ. ಅವಳು ಮುಖ ತಿರುಗಿಸಲಿಲ್ಲ. ಕೈ ಇಳಿಸಿದೆ. ನಿನ್ನ ಕವರಿನ ಮೇಲಿನ ವಿಳಾಸ ಕೇಳಿದಳು, ಕೊಟ್ಟೆ. ಹಾವನೂರು ಸರ್ಕಲ್‌ವರೆಗೆ ಹಿಂದೆ ಹೋದೆ. ಆಟೋ ಹತ್ತಿದಳು, ತಿರುಗಿ ನೋಡಲಿಲ್ಲ. ಉಮಾಶ್ರೀಗೆ ದಾರಿಯುದ್ದಕ್ಕೂ ಮೆಸೇಜು ಹಾಕುತ್ತಿದ್ದಳಂತೆ. ನನ್ನ ಫೋನು ಎತ್ತುತ್ತಿಲ್ಲ.

ಅವಳನ್ನು ನೀನು ಕರೆಸಿಕೊಂಡೆ ಎಂದು ನಾನು ಹೇಳುತ್ತಿಲ್ಲ. ಹಾಗೆಂದು ಉಮಾಶ್ರೀ ಹೇಳುತ್ತಿದ್ದಾಳೆ. ಅಲ್ಲೇ ದಾವಣಗೆರೆಯಲ್ಲಿ ಡಿಗ್ರಿ ಸೇರುತ್ತೇನೆ ಎಂದಿದ್ದಾಳಂತೆ. ಸೇರಲಿ. ಇಲ್ಲಿ ಅವಳನ್ನು ನೋಡಲು ಬರುವವರಿಗೆ ಏನಾದರೊಂದು ಹೇಳಿಕೊಳ್ಳುತ್ತೇನೆ.

ಅವಳಿಗೆ ಏನು ಬೇಯಿಸಿ ಹಾಕಬೇಕೆಂದು ನಿನಗೆ ಗೊತ್ತು, ನಾನು ಹೇಳಬೇಕಾಗಿಲ್ಲ. ನಿನಗೆ ಗೊತ್ತಿಲ್ಲದ್ದು ಒಂದಿದೆ. ಸಿಟ್ಟು ಬಂದಾಗ ಊಟ ಬೇಡ ಎನ್ನುತ್ತಾಳೆ. ಕೇಳಬಾರದು, ಬಡಿಸಿಬಿಡಬೇಕು. ಆಗ ಉಣ್ಣುತ್ತಾಳೆ.

ತಲುಪಿದ್ದಕ್ಕೆ ಒಂದು ಸಾಲು ಬರೆ. ನನ್ನನ್ನು ಕೇಳಿದಳೇ ಇಲ್ಲವೇ ಎಂಬುದನ್ನು ಬರೆಯಬೇಕಾಗಿಲ್ಲ.

ಶಿವನಂಜಮ್ಮ


ಹರಪನಹಳ್ಳಿ
24 ಏಪ್ರಿಲ್ 2025

ಶಿವನಂಜಮ್ಮನವರಿಗೆ ಶರಣು.

ಮಗಳು ಬರೆಯುವುದಿಲ್ಲ ಎಂದಳು, ಅದಕ್ಕೆ ನಾನು ಈ ಕಾರ್ಡು ಬರೆಯುತ್ತಿದ್ದೇನೆ. ನಿಮ್ಮ ಮೊಮ್ಮಗಳು ಕ್ಷೇಮವಾಗಿ ಬಂದು ಸೇರಿದ್ದಾಳೆ. ಬಂದ ದಿನ ಊಟ ಬೇಡ ಎಂದಳು. ಕೇಳದೆ ಬಡಿಸಿದೆವು, ಉಂಡಳು. ನನ್ನ ಪಕ್ಕದಲ್ಲೇ ಕೂತಿದ್ದಳು. ಛತ್ರದಲ್ಲಿ ತಾನು ಹೇಳಿದ್ದನ್ನೂ ನೀವು ಹೇಳಿದ್ದನ್ನೂ ಹೇಳಿದಳು. ಎರಡನ್ನೂ ಕೇಳಿಸಿಕೊಂಡೆ.

ಬರೆಯಬೇಕಾಗಿಲ್ಲ ಎಂದಿದ್ದೀರಿ. ಆದರೂ ಕಾದಿರುತ್ತೀರಿ ಎಂದು ಬರೆಯುತ್ತೇನೆ. ನಿಮ್ಮನ್ನು ಕೇಳಲಿಲ್ಲ.

ಕೊಟ್ರಪ್ಪ